ಸ್ಪೈಡರ್‌ಮ್ಯಾನ್ ಚಿತ್ರದ ಹಕ್ಕು ಮಾರ್ವೆಲ್‌ಗೆ ಮರಳುತ್ತದೆ ಎಂದು ಕಾಯುವುದರಲ್ಲಿ ಅರ್ಥವಿದೆಯೇ?

ಜೇಡನ_ನೂಲು:
ಎಲ್ಲರಿಗೂ ನಮಸ್ಕಾರ. ಸ್ಪೈಡರ್‌ಮ್ಯಾನ್ ಮಾರ್ವೆಲ್ ಕಾಮಿಕ್ಸ್‌ನ ಪಾತ್ರ, ಅವನ ಚಿತ್ರ ಮಾಡುವ ಹಕ್ಕು ಮಾತ್ರ ಸೋನಿ ಪಿಕ್ಚರ್ಸ್ ಬಳಿ ಇದೆ. ಆ ಹಕ್ಕಿನಡಿ ಬಂದ ಸೋನಿಯವರ ‘ಮೋರ್ಬಿಯಸ್’ 2022ರಲ್ಲಿ ನಗೆಪಾಟಲಾಯಿತು, 2024ರ ಫೆಬ್ರವರಿಯಲ್ಲಿ ‘ಮೇಡಮ್ ವೆಬ್’ ನೆಲಕಚ್ಚಿತು, ಅದೇ ವರ್ಷದ ಡಿಸೆಂಬರ್‌ನಲ್ಲಿ ‘ಕ್ರೇವನ್’ ಕೂಡ ಅದೇ ಹಾದಿ ಹಿಡಿಯಿತು. ಅಂದಿನಿಂದ ನಾನು ಎಲ್ಲಿ ನೋಡಿದರೂ ಅಭಿಮಾನಿಗಳದು ಒಂದೇ ಮಾತು: ಸೋನಿಗೆ ಇನ್ನು ಸಾಕಾಗಿರುತ್ತದೆ, ಸ್ಪೈಡರ್‌ಮ್ಯಾನ್ ಹಕ್ಕನ್ನು ಮೂಲ ಒಡೆಯನಾದ ಮಾರ್ವೆಲ್‌ಗೆ ಬಿಟ್ಟುಕೊಡುವ ದಿನ ದೂರವಿಲ್ಲ. ಫಾಕ್ಸ್ ಸ್ಟುಡಿಯೊ ಬಳಿ ಇದ್ದ ಎಕ್ಸ್‌ಮೆನ್ ಮತ್ತು ಫೆಂಟಾಸ್ಟಿಕ್ ಫೋರ್ 2019ರಲ್ಲಿ ಮಾರ್ವೆಲ್‌ನ ಮನೆ ಸೇರಿದವು, ಡೇರ್‌ಡೆವಿಲ್ ಅದಕ್ಕೂ ಆರು ವರ್ಷ ಮೊದಲೇ ಸೇರಿತ್ತು, ಹಾಗಾದರೆ ಇದೊಂದು ಏಕೆ ಆಗಬಾರದು ಎಂಬುದು ಅವರ ವಾದ. ನನಗೂ ಒಳಗೊಳಗೆ ಅದೇ ಆಸೆ ಇದೆ. ಆದರೆ ಕಾನೂನಿನ ಕಡೆಯಿಂದ ಅಂಥದ್ದೊಂದು ದಾರಿ ನಿಜವಾಗಿಯೂ ಇದೆಯೇ, ಅಥವಾ ನಾವೆಲ್ಲ ಸುಮ್ಮನೆ ಕಾಯುತ್ತಿದ್ದೇವೆಯೇ ಎಂಬುದನ್ನು ತಿಳಿದವರು ಹೇಳಬೇಕು.

ಕರಾರು_ಓದುಗ:
ದಾರಿ ಇದೆ, ಆದರೆ ನೀವು ತೋರಿಸುತ್ತಿರುವ ದಿಕ್ಕಿನಲ್ಲಿ ಇಲ್ಲ. 2014ರ ನವೆಂಬರ್‌ನಲ್ಲಿ ಸೋನಿ ಪಿಕ್ಚರ್ಸ್‌ನ ಕಂಪ್ಯೂಟರುಗಳಿಗೆ ಕನ್ನ ಬಿದ್ದಾಗ ಹೊರಗೆ ಬಂದ ಕಡತಗಳಲ್ಲಿ ಮಾರ್ವೆಲ್ ಜತೆಗಿನ ಪರವಾನಗಿ ಕರಾರೂ ಇತ್ತು, 2011ರಲ್ಲಿ ತಿದ್ದುಪಡಿಯಾದ ಪ್ರತಿ. ಅದರ ಪ್ರಕಾರ ಒಂದು ಸ್ಪೈಡರ್‌ಮ್ಯಾನ್ ಚಿತ್ರ ತೆರೆಕಂಡ ಮೇಲೆ 3 ವರ್ಷ 9 ತಿಂಗಳೊಳಗೆ ಮುಂದಿನದರ ತಯಾರಿಕೆ ಆರಂಭವಾಗಬೇಕು, 5 ವರ್ಷ 9 ತಿಂಗಳೊಳಗೆ ಅದು ಬಿಡುಗಡೆಯಾಗಬೇಕು. ಈ ಗಡುವು ತಪ್ಪಿದರೆ ಮಾತ್ರ ಹಕ್ಕು ಮಾರ್ವೆಲ್‌ಗೆ ಹಿಂತಿರುಗುತ್ತದೆ.

ಈಗ ಲೆಕ್ಕ ಹಾಕಿ. ಸ್ಪೈಡರ್‌ಮ್ಯಾನ್‌ನ ‘ನೋ ವೇ ಹೋಮ್’ ಚಿತ್ರ ಬಂದದ್ದು 2021ರ ಡಿಸೆಂಬರ್‌ನಲ್ಲಿ, ಅಂದರೆ ಗಡುವು 2027ರ ಸೆಪ್ಟೆಂಬರ್‌ವರೆಗೆ ಇತ್ತು. ಅದರ ಮುಂದಿನ ‘ಬ್ರ್ಯಾಂಡ್ ನ್ಯೂ ಡೇ’ ಚಿತ್ರದ ಬಿಡುಗಡೆಗೆ ಗೊತ್ತುಮಾಡಿದ ದಿನ 2026ರ ಜುಲೈ 31. ಆ ದಿನದಿಂದ ಗಡಿಯಾರ ಮತ್ತೆ ಮೊದಲಿನಿಂದ ಓಡತೊಡಗಿ 2032ರ ಏಪ್ರಿಲ್‌ಗೆ ಹೋಗಿ ನಿಲ್ಲುತ್ತದೆ. ಚಿತ್ರ ಗೆದ್ದಿತೇ ಸೋತಿತೇ ಎಂಬುದು ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ಆದ್ದರಿಂದ ‘ಕ್ರೇವನ್’ ಸೋತದ್ದಕ್ಕೆ ಪಟಾಕಿ ಹೊಡೆದವರು ಪಟಾಕಿಯ ದುಡ್ಡನ್ನು ವ್ಯರ್ಥ ಮಾಡಿಕೊಂಡಿದ್ದಾರೆ.

ಮೊದಲ_ಆಟ:
ಅಂದರೆ ಕೆಟ್ಟ ಚಿತ್ರ ಮಾಡಿದರೆ ಹಕ್ಕು ಹೋಗುವುದಿಲ್ಲ, ಚಿತ್ರವನ್ನೇ ಮಾಡದಿದ್ದರೆ ಹೋಗುತ್ತದೆ. ಇಂಥ ಷರತ್ತು ಬರೆದವರಿಗೆ ದೊಡ್ಡ ನಮಸ್ಕಾರ.

ಹೇಮಾವತಿ_ದಂಡೆ:
ನಮ್ಮ ಕಡೆಯವರಿಗೆ ಇದು ಥಟ್ಟನೆ ಅರ್ಥವಾಗುವ ವಿಷಯ. ಉಳುವವನೇ ಹೊಲದೊಡೆಯ. ಸೋನಿ ಐದು ವರ್ಷಕ್ಕೊಮ್ಮೆಯಾದರೂ ನೇಗಿಲು ಹೂಡುತ್ತಿರುವವರೆಗೆ ಹೊಲ ಅವರದೇ.

ಕರಾರು_ಓದುಗ:
ಹೇಮಾವತಿಯವರೇ, ಹೋಲಿಕೆ ಚೆನ್ನಾಗಿದೆ, ಆದರೆ ತಲೆಕೆಳಗಾಗಿದೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರನು ಅರ್ಜಿ ಕೊಟ್ಟು, ನ್ಯಾಯಮಂಡಳಿಯಲ್ಲಿ ಗೆದ್ದು, ಪಹಣಿಯಲ್ಲಿ ತನ್ನ ಹೆಸರು ಬರೆಸಿಕೊಂಡು ಶಾಶ್ವತವಾಗಿ ಒಡೆಯನಾದ. ಇಲ್ಲಿ ಗೇಣಿದಾರ ಎಷ್ಟು ದಶಕ ಉತ್ತರೂ ಪಹಣಿಯಲ್ಲಿ ಮಾರ್ವೆಲ್‌ನ ಹೆಸರೇ ಇರುತ್ತದೆ. ಪಾತ್ರ ಮಾರ್ವೆಲ್‌ನದು, ಕಾಮಿಕ್ಸ್ ಮಾರ್ವೆಲ್‌ನದು, ಸೋನಿಗೆ ಇರುವುದು ಚಲನಚಿತ್ರ ಮತ್ತು ಕೆಲವು ಬಗೆಯ ಸರಣಿ ಮಾಡುವ ಹಕ್ಕು ಮಾತ್ರ.

ಹೇಮಾವತಿ_ದಂಡೆ:
ಪಹಣಿ ಯಾರ ಹೆಸರಿನಲ್ಲಿದ್ದರೇನು, ಫಸಲು ಯಾರ ಕಣಕ್ಕೆ ಹೋಗುತ್ತದೆ ಎಂಬುದು ಮುಖ್ಯವಲ್ಲವೇ? ‘ನೋ ವೇ ಹೋಮ್’ ಒಂದೇ ಜಗತ್ತಿನಾದ್ಯಂತ 190 ಕೋಟಿ ಡಾಲರ್‌ಗಿಂತ ಹೆಚ್ಚು ಗಳಿಸಿತು.

ಕಾಮಿಕ್ಸ್_ಕಪಾಟು:
ಕೇವಲ ಹಕ್ಕು ಉಳಿಸಿಕೊಳ್ಳುವುದಕ್ಕಾಗಿ ಚಿತ್ರ ಮಾಡುವ ಪರಂಪರೆ ಸೋನಿಯಿಂದ ಶುರುವಾದದ್ದಲ್ಲ. ಇದರಲ್ಲಿ ಎಲ್ಲರನ್ನೂ ಮೀರಿಸಿದ್ದು ಫೆಂಟಾಸ್ಟಿಕ್ ಫೋರ್. ಜರ್ಮನಿಯ ಕಾನ್‌ಸ್ಟಾಂಟಿನ್ ಫಿಲ್ಮ್ ಸಂಸ್ಥೆಯ ಬರ್ನ್ಡ್ ಐಶಿಂಗರ್ 1980ರ ದಶಕದಲ್ಲಿಯೇ ಹಕ್ಕು ಪಡೆದಿದ್ದರು. ದೊಡ್ಡ ಬಂಡವಾಳ ಹೂಡುವವರು ಸಿಗಲಿಲ್ಲ, ಗಡುವು 1992ರ ಕೊನೆಯ ದಿನಕ್ಕೆ ಮುಗಿಯುತ್ತಿತ್ತು. ಆಗ ಅವರು ಅಗ್ಗದ ಚಿತ್ರಗಳಿಗೆ ಹೆಸರಾಗಿದ್ದ ರಾಜರ್ ಕಾರ್ಮನ್ ಅವರ ಬಳಿಗೆ ಹೋಗಿ, ಸುಮಾರು 10 ಲಕ್ಷ ಡಾಲರ್ ವೆಚ್ಚದಲ್ಲಿ ಒಂದು ಚಿತ್ರವನ್ನು ಗಡುವಿಗೆ ಕೆಲವೇ ದಿನ ಮುಂಚೆ ಆರಂಭಿಸಿದರು. ಪಾಪ, ನಟರು ಇದು ತಮ್ಮ ಭಾಗ್ಯದ ಬಾಗಿಲು ಎಂದು ನಂಬಿ ಊರೂರು ಸುತ್ತಿ ಪ್ರಚಾರ ಮಾಡಿದರು, 1994ರ ಜನವರಿಯಲ್ಲಿ ಮಿನೆಸೋಟದ ಮಾಲ್ ಆಫ್ ಅಮೆರಿಕದಲ್ಲಿ ಮೊದಲ ಪ್ರದರ್ಶನವೂ ಗೊತ್ತಾಗಿತ್ತು. ಅದು ರದ್ದಾಯಿತು. ಚಿತ್ರ ಇಂದಿಗೂ ಅಧಿಕೃತವಾಗಿ ಬಿಡುಗಡೆಯಾಗಿಲ್ಲ, ಕಳ್ಳಪ್ರತಿಗಳಲ್ಲಿ ಮಾತ್ರ ಬದುಕಿದೆ. ಆದರೆ ಹಕ್ಕು ಉಳಿಯಿತು, ಮುಂದೆ ಫಾಕ್ಸ್ ಜತೆ ಸೇರಿ 2005ರಲ್ಲಿಯೂ 2007ರಲ್ಲಿಯೂ ಚಿತ್ರಗಳು ಬಂದವು. 2015ರದ್ದರ ಬಗ್ಗೆ ನಾನು ಏನನ್ನೂ ಹೇಳುವುದಿಲ್ಲ, ನೋಡಿದವರಿಗೆ ಗೊತ್ತು.

ಮೊದಲ_ಆಟ:
2015ರದ್ದನ್ನು ನಾನು ಟಿಕೆಟ್ ಕೊಂಡು ನೋಡಿದ್ದೇನೆ. ಹಕ್ಕಿನ ಗಡುವಿಗಾಗಿ ಮಾಡಿದ ಚಿತ್ರ ಹೇಗಿರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ನನಗೆ ಬೇಕಿಲ್ಲ.

ಬೆಳಗಾವಿ_ಬಾಲ್ಕನಿ:
ಎಲ್ಲರೂ ಒಂದೇ ಸ್ವರದಲ್ಲಿ ಸಾಧ್ಯವಿಲ್ಲ ಎಂದು ಹಾಡುತ್ತಿದ್ದೀರಿ, ಆದ್ದರಿಂದ ನಾನು ಎದುರು ಪಕ್ಷ ವಹಿಸುತ್ತೇನೆ. ಗಡುವು ತಪ್ಪಿ ಹಕ್ಕು ಮರಳಿದ್ದಕ್ಕೆ ಡೇರ್‌ಡೆವಿಲ್ ಸ್ಪಷ್ಟ ಉದಾಹರಣೆ. ಫಾಕ್ಸ್ 2003ರಲ್ಲಿ ಒಂದು ಚಿತ್ರ ಮಾಡಿತು, 2005ರಲ್ಲಿ ‘ಎಲೆಕ್ಟ್ರಾ’ ಮಾಡಿತು, ಆಮೇಲೆ ನಿರ್ದೇಶಕರನ್ನು ಬದಲಾಯಿಸುತ್ತ ಕುಳಿತು 2012ರ ಅಕ್ಟೋಬರ್‌ನ ಗಡುವನ್ನು ಕಳೆದುಕೊಂಡಿತು. ಪಾತ್ರ ತಮ್ಮ ಕೈಗೆ ಬಂದಿದೆ ಎಂದು ಮಾರ್ವೆಲ್ ಸ್ಟುಡಿಯೋಸ್‌ನ ಮುಖ್ಯಸ್ಥ ಕೆವಿನ್ ಫೈಗಿ 2013ರಲ್ಲಿ ದೃಢಪಡಿಸಿದರು, 2015ರಲ್ಲಿ ನೆಟ್‌ಫ್ಲಿಕ್ಸ್ ಸರಣಿ ಬಂತು, ಆ ಸರಣಿಯನ್ನು ಮೆಚ್ಚದವರು ಇಲ್ಲಿ ಯಾರಾದರೂ ಇದ್ದರೆ ಕೈ ಎತ್ತಲಿ.

ಇನ್ನೂ ದೊಡ್ಡ ಉದಾಹರಣೆ ಬೇಕೆಂದರೆ ಐರನ್‌ಮ್ಯಾನ್. ಅದರ ಹಕ್ಕು ನ್ಯೂ ಲೈನ್ ಸಂಸ್ಥೆಯಲ್ಲಿ ಬಹಳ ಕಾಲ ಕೊಳೆಯುತ್ತಿತ್ತು, 2005ರಲ್ಲಿ ಮಾರ್ವೆಲ್‌ಗೆ ಮರಳಿತು. ಅದೇ ವರ್ಷ ಮಾರ್ವೆಲ್ ತನ್ನ ಹತ್ತು ಪಾತ್ರಸ್ವತ್ತುಗಳನ್ನು ಅಡವಿಟ್ಟು ಮೆರಿಲ್ ಲಿಂಚ್ ಮೂಲಕ 52.5 ಕೋಟಿ ಡಾಲರ್ ಸಾಲದ ವ್ಯವಸ್ಥೆ ಮಾಡಿಕೊಂಡು ಸ್ವಂತ ಚಿತ್ರ ತಯಾರಿಕೆಗೆ ಇಳಿಯಿತು. 2008ರಲ್ಲಿ ‘ಐರನ್‌ಮ್ಯಾನ್’ ಚಿತ್ರ ಬಂದಾಗ ಏನಾಯಿತೆಂದು ಹೇಳಬೇಕಾಗಿಲ್ಲ. ನಾವು ಇಂದು ನೋಡುತ್ತಿರುವ ಈ ಇಡೀ ಚಿತ್ರಮಾಲೆ ನಿಂತಿರುವುದು ಮರಳಿ ಬಂದ ಒಂದು ಹಕ್ಕಿನ ಮೇಲೆ. ಹಾಗಿರುವಾಗ ಅಭಿಮಾನಿಗಳ ಆಸೆಯನ್ನು ಬಾಲಿಶ ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಕರಾರು_ಓದುಗ:
ಆಸೆ ಬಾಲಿಶ ಎಂದು ನಾನು ಹೇಳಿಲ್ಲ. ಆದರೆ ನೀವು ಕೊಟ್ಟ ಎರಡು ಉದಾಹರಣೆಗಳಲ್ಲಿಯೂ ಹಕ್ಕು ಹಿಡಿದವರಿಗೆ ಆ ಪಾತ್ರದ ಬೆಲೆ ಗೊತ್ತಿರಲಿಲ್ಲ. ಸ್ಪೈಡರ್‌ಮ್ಯಾನ್ ಬೆಲೆ ಗೊತ್ತಿಲ್ಲದ ಒಬ್ಬ ನೌಕರನೂ ಸೋನಿಯಲ್ಲಿ ಇರಲಾರ. ಅವರ ಬಳಿ ಇರುವ ಅತಿ ದೊಡ್ಡ ಚಿತ್ರಸಂಪತ್ತೇ ಇದು, ಇದರ ಗಡುವನ್ನು ಅವರು ಮರೆಯುತ್ತಾರೆಯೇ?

ತುಂಗಾತೀರ_ಸಿಯಾಟಲ್:
ಎಕ್ಸ್‌ಮೆನ್ ‘ಮರಳಿದ’ ಬಗ್ಗೆ ಒಂದು ಮಾತು ಸೇರಿಸಬೇಕು, ಏಕೆಂದರೆ ಆರಂಭದ ಬರಹದಲ್ಲಿ ಅದನ್ನೂ ಡೇರ್‌ಡೆವಿಲ್ಲನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಲಾಗಿದೆ. ಅಲ್ಲಿ ಯಾವ ಹಕ್ಕೂ ಅವಧಿ ಮುಗಿದು ಮರಳಲಿಲ್ಲ. ಮಾರ್ವೆಲ್‌ನ ಒಡೆಯನಾದ ಡಿಸ್ನಿ 2017ರ ಡಿಸೆಂಬರ್‌ನಲ್ಲಿ ಫಾಕ್ಸ್‌ನ ಬಹುಪಾಲನ್ನು 5,240 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತು, ನಡುವೆ ಕಾಮ್‌ಕಾಸ್ಟ್ ಎಂಬ ಇನ್ನೊಂದು ಮಾಧ್ಯಮ ಸಂಸ್ಥೆ ಬಂದು ಹರಾಜಿನಂತೆ ಬೆಲೆ ಏರಿಸಿತು, ಕೊನೆಗೆ 7,130 ಕೋಟಿ ಡಾಲರ್‌ಗೆ ಒಪ್ಪಂದವಾಗಿ 2019ರ ಮಾರ್ಚ್ 20ರಂದು ವ್ಯವಹಾರ ಮುಗಿಯಿತು. ಮಾರ್ವೆಲ್ ಎಂಬ ಇಡೀ ಸಂಸ್ಥೆಯನ್ನೇ ಡಿಸ್ನಿ 2009ರಲ್ಲಿ ಕೊಂಡದ್ದು ಸುಮಾರು 400 ಕೋಟಿ ಡಾಲರ್‌ಗೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಇದನ್ನು ಮರಳುವಿಕೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಕ್ಕು ಇದ್ದ ಮನೆಯನ್ನೇ ಕೊಂಡು, ಬಾಗಿಲಿನ ಫಲಕವನ್ನೂ ಕಿತ್ತುಹಾಕಿದರು. 2020ರ ಜನವರಿಯಲ್ಲಿ ಫಾಕ್ಸ್ ಎಂಬ ಹೆಸರು ಹೋಗಿ ಬರೀ 20ತ್ ಸೆಂಚುರಿ ಸ್ಟುಡಿಯೋಸ್ ಉಳಿಯಿತು.

ನಾನು ಅಮೆರಿಕದಲ್ಲಿ ವಾಸಿಸುವುದರಿಂದ ಆಗ ನಡೆದ ಚರ್ಚೆ ಇನ್ನೂ ನೆನಪಿದೆ. ಅಭಿಮಾನಿಗಳು ವುಲ್ವರಿನ್ ಮತ್ತು ಹಲ್ಕ್ ಯಾವಾಗ ಎದುರಾಗುತ್ತಾರೆ ಎಂದು ಕುಣಿಯುತ್ತಿದ್ದರೆ, ಚಿತ್ರರಂಗದಲ್ಲಿ ದುಡಿಯುವವರು ತಮ್ಮ ಕೆಲಸ ಉಳಿಯುತ್ತದೆಯೇ ಎಂದು ಲೆಕ್ಕ ಹಾಕುತ್ತಿದ್ದರು. ಆರು ದೊಡ್ಡ ಸ್ಟುಡಿಯೊಗಳಿದ್ದವು, ಐದಾದವು. ಕಥೆ ಹಿಡಿದು ಬಾಗಿಲು ತಟ್ಟುವ ಬರಹಗಾರನಿಗೆ ಒಂದು ಬಾಗಿಲು ಕಡಿಮೆಯಾಯಿತು. ಸೋನಿಯ ಹಕ್ಕೂ ಇದೇ ಮಾರ್ಗದಲ್ಲಿ ಬರಲಿ ಎಂದು ಹಾರೈಸುವವರು ಇದನ್ನೂ ಒಪ್ಪಿಕೊಂಡು ಹಾರೈಸಬೇಕು.

ಬೆಳಗಾವಿ_ಬಾಲ್ಕನಿ:
ತುಂಗಾತೀರದವರೇ, ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆದರೆ ಪ್ರೇಕ್ಷಕನಾಗಿ ನನಗೆ ಸಿಕ್ಕಿದ್ದೇನು ಎಂದು ಕೇಳಿದರೆ, 2024ರಲ್ಲಿ ಡೆಡ್‌ಪೂಲ್ ಮತ್ತು ವುಲ್ವರಿನ್ ಒಟ್ಟಿಗೆ ಬಂದು ಜಗತ್ತಿನಾದ್ಯಂತ 130 ಕೋಟಿ ಡಾಲರ್ ದಾಟಿದರು, 2025ರ ಜುಲೈನಲ್ಲಿ ಫೆಂಟಾಸ್ಟಿಕ್ ಫೋರ್‌ಗೆ ಕೊನೆಗೂ ನೋಡುವಂಥ ಒಂದು ಚಿತ್ರ ಸಿಕ್ಕಿತು. ಮೊದಲಿನ ಸ್ಥಿತಿಯೇ ಚೆನ್ನಾಗಿತ್ತೇ? ಕ್ವಿಕ್‌ಸಿಲ್ವರ್ ಎಂಬ ಒಂದೇ ಪಾತ್ರ 2014ರಲ್ಲಿ ಫಾಕ್ಸ್ ಚಿತ್ರದಲ್ಲಿ ಒಬ್ಬ ನಟನಾಗಿ, 2015ರಲ್ಲಿ ಮಾರ್ವೆಲ್‌ನದೇ ಅವೆಂಜರ್ಸ್ ಚಿತ್ರದಲ್ಲಿ ಇನ್ನೊಬ್ಬ ನಟನಾಗಿ ಬಂತು. ಅವೆಂಜರ್ಸ್ ಚಿತ್ರದಲ್ಲಿ ಅವನನ್ನು ಮ್ಯುಟೆಂಟ್ (ಎಕ್ಸ್‌ಮೆನ್ ಕಥೆಗಳಲ್ಲಿ ಹುಟ್ಟಿನಿಂದಲೇ ವಿಶೇಷ ಶಕ್ತಿಯಿರುವವನು) ಎಂದು ಕರೆಯುವಂತೆಯೂ ಇರಲಿಲ್ಲ, ಏಕೆಂದರೆ ಆ ಪದವೇ ಫಾಕ್ಸ್ ಬಳಿ ಇತ್ತು. ಇಂಥ ಹಾಸ್ಯಾಸ್ಪದ ಸ್ಥಿತಿಯನ್ನು ಮತ್ತೆ ಬಯಸುವವರಿಗೆ ನನ್ನದೊಂದು ಸಲಾಮು.

ಕೃಷ್ಣೆಯ_ಕಡೆ:
ಸಲಾಮು ಸ್ವೀಕರಿಸಿದ್ದೇನೆ, ನಾನು ಬಯಸುತ್ತೇನೆ. 2017ರಲ್ಲಿ ‘ಲೋಗನ್’ ಬಂದದ್ದು ಫಾಕ್ಸ್‌ನಿಂದ, ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನ ಪಡೆದ ಚಿತ್ರ ಅದು. 2016ರಲ್ಲಿ ದೊಡ್ಡವರಿಗೆ ಮಾತ್ರ ಎಂಬ ಪ್ರಮಾಣಪತ್ರದೊಂದಿಗೆ ‘ಡೆಡ್‌ಪೂಲ್’ ಮಾಡಲು ಧೈರ್ಯ ಮಾಡಿದ್ದೂ ಫಾಕ್ಸ್. ಸ್ಪೈಡರ್‌ಮ್ಯಾನ್ ವಿಷಯಕ್ಕೇ ಬರೋಣ. ಸ್ಯಾಮ್ ರೈಮಿಯವರ 2002ರ ಮತ್ತು 2004ರ ಚಿತ್ರಗಳನ್ನು ಮಾಡಿಸಿದವರು ಯಾರು? ಅನಿಮೇಷನ್ ವಿಭಾಗದಲ್ಲಿ ಆಸ್ಕರ್ ಗೆದ್ದ 2018ರ ‘ಇಂಟು ದ ಸ್ಪೈಡರ್‌ವರ್ಸ್’ ಯಾರದು? ಎಲ್ಲವೂ ಸೋನಿಯದೇ. ಒಬ್ಬನೇ ಯಜಮಾನ, ಒಂದೇ ಕಥಾಜಗತ್ತು, ಪ್ರತಿ ಚಿತ್ರವೂ ಮುಂದಿನ ಚಿತ್ರಕ್ಕೆ ಜಾಹೀರಾತು ಎಂಬ ವ್ಯವಸ್ಥೆಯಲ್ಲಿ ಇವುಗಳಲ್ಲಿ ಒಂದೂ ಹುಟ್ಟುತ್ತಿರಲಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ‘ಮೋರ್ಬಿಯಸ್’ ನಾವು ಅದಕ್ಕಾಗಿ ತೆತ್ತ ತೆರಿಗೆ ಎಂದುಕೊಳ್ಳೋಣ.

ಪುಟಾಣಿ_ಅಮ್ಮ:
ಕೃಷ್ಣೆಯವರ ಮಾತಿಗೆ ನನ್ನದೂ ಒಂದು ದನಿ. 2023ರಲ್ಲಿ ‘ಅಕ್ರಾಸ್ ದ ಸ್ಪೈಡರ್‌ವರ್ಸ್’ ಚಿತ್ರವನ್ನು ಸೋನಿಯವರು ಭಾರತದಲ್ಲಿ ಇಂಗ್ಲಿಷ್ ಸೇರಿ ಹತ್ತು ಭಾಷೆಗಳಲ್ಲಿ ತಂದರು, ಅದರಲ್ಲಿ ಕನ್ನಡವೂ ಇತ್ತು. ಚಿತ್ರದ ಮುಂಬಟ್ಟನ್ ಎಂಬ ಊರಿನಲ್ಲಿ ಭಾರತದ ಸ್ಪೈಡರ್‌ಮ್ಯಾನ್ ಪವಿತ್ರ್ ಪ್ರಭಾಕರ್ ಹಾರಾಡುವುದನ್ನು ಮಕ್ಕಳು ತಮ್ಮದೇ ಮಾತಿನಲ್ಲಿ ಕೇಳಿದರು. ಹಕ್ಕು ಯಾರ ಬಳಿ ಇರಲಿ, ಕನ್ನಡದಲ್ಲಿ ತರುವವರ ಕಡೆಗೆ ನನ್ನ ಮತ.

ಬೆಳಗಾವಿ_ಬಾಲ್ಕನಿ:
ಮೇಡಂ, ಅದು ವಿತರಣಾ ವಿಭಾಗದ ನಿರ್ಧಾರ. ಹಕ್ಕು ಡಿಸ್ನಿಗೆ ಹೋದರೂ ಕನ್ನಡಕ್ಕೆ ಡಬ್ ಮಾಡಬಾರದೆಂದು ಎಲ್ಲಿಯೂ ಬರೆದಿಲ್ಲವಲ್ಲ.

ಪುಟಾಣಿ_ಅಮ್ಮ:
ಬರೆದಿಲ್ಲ ನಿಜ. ಮಾಡಿ ತೋರಿಸಿದವರು ಯಾರು ಎಂದಷ್ಟೇ ನಾನು ಹೇಳಿದ್ದು.

ಕಾಮಿಕ್ಸ್_ಕಪಾಟು:
ಈ ಚರ್ಚೆಯಲ್ಲಿ ಸೋನಿ ಏನೋ ಕದ್ದುಕೊಂಡು ಹೋದವರಂತೆ ಚಿತ್ರಿತವಾಗುತ್ತಿದೆ, ಆದ್ದರಿಂದ ಹಳೆಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಮಾರ್ವೆಲ್ ಈ ಹಕ್ಕನ್ನು ಮೊದಲು ಮಾರಿದ್ದು ಸೋನಿಗೆ ಅಲ್ಲವೇ ಅಲ್ಲ. 1985ರಲ್ಲಿ ಕ್ಯಾನನ್ ಫಿಲ್ಮ್ಸ್ ಎಂಬ ಸಂಸ್ಥೆ ಐದು ವರ್ಷಗಳ ಅವಧಿಗೆ ಅದನ್ನು ಪಡೆಯಿತು, ಕೊಟ್ಟದ್ದು 2.25 ಲಕ್ಷ ಡಾಲರ್ ಮತ್ತು ಆದಾಯದಲ್ಲಿ ಒಂದು ಪಾಲು. ಇಂದು ಆ ಮೊತ್ತದಲ್ಲಿ ಒಂದು ಹಾರಾಟದ ದೃಶ್ಯವೂ ಮುಗಿಯುವುದಿಲ್ಲ. ಕ್ಯಾನನ್ ಮುಳುಗಿತು. ಅದರ ಮಾಲೀಕರಲ್ಲಿ ಒಬ್ಬರಾದ ಮೆನಾಹೆಮ್ ಗೋಲನ್ ಹೊರಬರುವಾಗ ಸ್ಪೈಡರ್‌ಮ್ಯಾನನ್ನು ತಮ್ಮ ಪಾಲಿಗೆ ತೆಗೆದುಕೊಂಡು 21ಸ್ಟ್ ಸೆಂಚುರಿ ಫಿಲ್ಮ್ ಎಂಬ ಹೊಸ ಸಂಸ್ಥೆಗೆ ಒಯ್ದರು, ಹಣ ಹೊಂದಿಸಲು ದೂರದರ್ಶನದ ಹಕ್ಕನ್ನು ವಯಾಕಾಮ್‌ಗೆ, ವಿಡಿಯೊ ಹಕ್ಕನ್ನು ಕೊಲಂಬಿಯಾಗೆ ಎಂದು ತುಂಡು ಮಾಡಿ ಮಾರಿದರು, ಕೊನೆಗೆ ಚಿತ್ರದ ಹಕ್ಕನ್ನು ಕರೋಲ್ಕೊ ಎಂಬ ಚಿತ್ರಸಂಸ್ಥೆಗೆ ಕೊಟ್ಟರು. ಕರೋಲ್ಕೊ ಜೇಮ್ಸ್ ಕ್ಯಾಮರಾನ್ ಅವರನ್ನು ಕರೆತಂದಿತು, ಅವರು ಕಥೆಯ ವಿಸ್ತೃತ ರೂಪವನ್ನೂ ಬರೆದರು. ಆಮೇಲೆ ಕರೋಲ್ಕೊ ಕೂಡ ದಿವಾಳಿ, 21ಸ್ಟ್ ಸೆಂಚುರಿಯೂ ದಿವಾಳಿ, 1996ರ ಡಿಸೆಂಬರ್‌ನಲ್ಲಿ ಸ್ವತಃ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು. ಎಲ್ಲರೂ ಎಲ್ಲರ ಮೇಲೂ ದಾವೆ ಹೂಡಿದ್ದರು. ಹಕ್ಕು ಯಾರದೆಂದು ನ್ಯಾಯಾಲಯಕ್ಕೂ ಬೇಗ ಹೇಳಲಾಗದಂಥ ಗೋಜಲು.

ಈ ಗೋಜಲು ಬಿಡಿಸಿಕೊಂಡದ್ದು 1999ರಲ್ಲಿ. ಜೇಮ್ಸ್ ಬಾಂಡ್ ಚಿತ್ರಗಳ ಎಂಜಿಎಂ ಸ್ಟುಡಿಯೊ ತನಗೂ ಸ್ಪೈಡರ್‌ಮ್ಯಾನ್ ಮೇಲೆ ಹಕ್ಕಿದೆ ಎನ್ನುತ್ತಿತ್ತು, ಸೋನಿ ತನಗೂ ಜೇಮ್ಸ್ ಬಾಂಡ್ ಚಿತ್ರ ಮಾಡುವ ಹಕ್ಕಿದೆ ಎನ್ನುತ್ತಿತ್ತು. ಇಬ್ಬರೂ ರಾಜಿಯಾಗಿ, ಬಾಂಡ್‌ನನ್ನು ಸೋನಿ ಬಿಟ್ಟಿತು, ಜೇಡನನ್ನು ಎಂಜಿಎಂ ಬಿಟ್ಟಿತು. ಮಾರ್ವೆಲ್ ಆಗ ಆಟಿಕೆ ತಯಾರಿಸುವ ಟಾಯ್ ಬಿಜ್ ಜತೆ ಸೇರಿ ಹೇಗೋ ಉಸಿರಾಡುತ್ತಿದ್ದ ಸಂಸ್ಥೆ, ಅದಕ್ಕೆ ಚಿತ್ರಗಳಿಗಿಂತ ಚಿತ್ರದಿಂದ ಮಾರಾಟವಾಗುವ ಗೊಂಬೆಗಳೇ ಮುಖ್ಯವಾಗಿದ್ದವು. ಅಂಥ ಸಮಯದಲ್ಲಿ ದುಡ್ಡು ಕೊಟ್ಟು, ವ್ಯಾಜ್ಯ ಮುಗಿಸಿ, 2002ರಲ್ಲಿ ಚಿತ್ರ ತಂದು ಪಾತ್ರಕ್ಕೆ ಜಗತ್ತಿನಾದ್ಯಂತ ಹೊಸ ಪ್ರೇಕ್ಷಕರನ್ನು ಗಳಿಸಿಕೊಟ್ಟವರು ಸೋನಿ. ಈಗ ಬೆಲೆ ಬಂದಿದೆ, ಆದ್ದರಿಂದ ಬಿಟ್ಟುಕೊಡಿ ಎನ್ನುವುದಕ್ಕೆ ಯಾವ ಆಧಾರವಿದೆ?

ಜೇಡನ_ನೂಲು:
ಕಪಾಟಿನವರೇ, ಈ ಬಾಂಡ್ ವಿನಿಮಯದ ಕಥೆ ನನಗೆ ಹೊಸದು, ಧನ್ಯವಾದ. ಹಾಗಾದರೆ ಗೊಂಬೆಗಳ ಆದಾಯ ಈಗ ಯಾರದು?

ಕರಾರು_ಓದುಗ:
2011ರಿಂದ ಮಾರ್ವೆಲ್, ಅಂದರೆ ಡಿಸ್ನಿಯದು. ಮೊದಲು ಇಬ್ಬರೂ ಹಂಚಿಕೊಳ್ಳುತ್ತಿದ್ದರು, ಆ ವರ್ಷ ಸೋನಿ ತನ್ನ ಪಾಲನ್ನು ಅವರಿಗೆ ಮಾರಿತು. ಆದ್ದರಿಂದ ಸೋನಿ ಚಿತ್ರ ಮಾಡಿದರೂ ಅಂಗಡಿಯಲ್ಲಿ ಮಾರಾಟವಾಗುವ ಬ್ಯಾಗು, ಬಾಟಲಿ, ಟಿ ಶರ್ಟುಗಳ ಲಾಭ ಡಿಸ್ನಿಗೆ ಸೇರುತ್ತದೆ. ಡಿಸ್ನಿಗೆ ಹಕ್ಕು ಮರಳಿ ಪಡೆಯಲೇಬೇಕೆಂಬ ತುರ್ತು ಇಲ್ಲದಿರುವುದಕ್ಕೆ ಇದೂ ಒಂದು ಕಾರಣ ಎಂದು ನಾನು ಭಾವಿಸುತ್ತೇನೆ. 2015ರ ಫೆಬ್ರವರಿಯ ಒಪ್ಪಂದವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಸೋನಿ ಬಂಡವಾಳ ಹಾಕಿ ವಿತರಣೆ ಮಾಡುತ್ತದೆ, ಮಾರ್ವೆಲ್ ಸ್ಟುಡಿಯೋಸ್ ಚಿತ್ರ ರೂಪಿಸಿಕೊಡುತ್ತದೆ, ಬದಲಿಗೆ ಸ್ಪೈಡರ್‌ಮ್ಯಾನ್ ಅವರ ಚಿತ್ರಗಳಲ್ಲಿಯೂ ಬರಬಹುದು. 2019ರ ಆಗಸ್ಟ್‌ನಲ್ಲಿ ಹಣದ ಪಾಲಿನ ವಿಷಯಕ್ಕೆ ಅದು ಮುರಿದು ಬಿತ್ತು, ಸೆಪ್ಟೆಂಬರ್ ಕೊನೆಗೆ ಮತ್ತೆ ಕೂಡಿತು. ಆ ಒಂದು ತಿಂಗಳಲ್ಲಿ ಅಭಿಮಾನಿಗಳು ಸೋನಿಗೆ ಬೈದ ಬೈಗುಳವನ್ನು ಯಾರಾದರೂ ಸಂಗ್ರಹಿಸಿದ್ದರೆ ಒಂದು ನಿಘಂಟೇ ಆಗುತ್ತಿತ್ತು.

ಮೊದಲ_ಆಟ:
ಆ ನಿಘಂಟಿಗೆ ನನ್ನ ಕೊಡುಗೆಯೂ ಗಣನೀಯವಾಗಿತ್ತು. ಆದರೆ ಸ್ಪೈಡರ್‌ಮ್ಯಾನ್ ಪಾತ್ರಧಾರಿ ಟಾಮ್ ಹಾಲೆಂಡ್ ಸ್ವತಃ ಡಿಸ್ನಿಯ ಆಗಿನ ಮುಖ್ಯಸ್ಥ ಬಾಬ್ ಐಗರ್ ಅವರಿಗೆ ಫೋನ್ ಮಾಡಿ ಮಾತನಾಡಿದ್ದು ನಮ್ಮೆಲ್ಲರ ಬೈಗುಳಕ್ಕಿಂತ ಹೆಚ್ಚು ಕೆಲಸ ಮಾಡಿತು.

ಶಾಯಿ_ಮತ್ತು_ಗೆರೆ:
ಇಷ್ಟು ಹೊತ್ತು ಓದುತ್ತ ಬಂದೆ. ‘ಮೂಲ ಒಡೆಯ’ ಎಂದು ಎಲ್ಲರೂ ಮಾರ್ವೆಲ್‌ನ ಕಡೆಗೆ ಬೆರಳು ತೋರಿಸುತ್ತಿದ್ದೀರಿ, ಸ್ಟೀವ್ ಡಿಟ್ಕೊ ಎಂಬ ಹೆಸರನ್ನು ಒಬ್ಬರೂ ಎತ್ತಲಿಲ್ಲ. 1962ರ ಆಗಸ್ಟ್ ತಿಂಗಳ ‘ಅಮೇಜಿಂಗ್ ಫ್ಯಾಂಟಸಿ’ 15ನೇ ಸಂಚಿಕೆಯಲ್ಲಿ ಸ್ಪೈಡರ್‌ಮ್ಯಾನ್ ಮೊದಲು ಕಾಣಿಸಿಕೊಂಡಾಗ ಬರಹ ಸ್ಟ್ಯಾನ್ ಲೀ ಅವರದು, ಚಿತ್ರ ಡಿಟ್ಕೊ ಅವರದು. ಆ ಮುಖವಾಡ, ಆ ದೊಡ್ಡ ಬಿಳಿಯ ಕಣ್ಣು, ಮೈಯನ್ನು ಬಳುಕಿಸಿ ಗೋಡೆಗೆ ಅಂಟಿಕೊಳ್ಳುವ ಭಂಗಿ, ಎಲ್ಲವೂ ಆ ಮನುಷ್ಯನ ಕೈಯಿಂದ ಬಂದದ್ದು. 1966ರಲ್ಲಿ ಅವರು ಮಾರ್ವೆಲ್ ಬಿಟ್ಟರು, 2018ರಲ್ಲಿ ತೀರಿಕೊಂಡರು. ಚಿತ್ರಗಳು ಗಳಿಸಿದ ನೂರಾರು ಕೋಟಿ ಡಾಲರುಗಳ ಮುಂದೆ ಅವರ ಬದುಕನ್ನು ಇಟ್ಟು ನೋಡಿದರೆ ಮಾತು ಹೊರಡುವುದಿಲ್ಲ.

ಅಮೆರಿಕದ 1976ರ ಕಾಯ್ದೆಯಲ್ಲಿ ಒಂದು ಅವಕಾಶವಿದೆ. 1978ಕ್ಕಿಂತ ಮೊದಲು ಬರೆದುಕೊಟ್ಟ ಹಕ್ಕನ್ನು ಕೃತಿಸ್ವಾಮ್ಯ ಆರಂಭವಾಗಿ 56 ವರ್ಷಗಳಾದ ಬಳಿಕ, ಮುಂಚಿತವಾಗಿ ನೋಟಿಸ್ ಕೊಟ್ಟು, ಕರ್ತೃವಾಗಲಿ ವಾರಸುದಾರರಾಗಲಿ ಹಿಂದಕ್ಕೆ ಪಡೆಯಬಹುದು. 2021ರಲ್ಲಿ ಡಿಟ್ಕೊ ಅವರ ವಾರಸುದಾರರ ಪರವಾಗಿ ಸ್ಪೈಡರ್‌ಮ್ಯಾನ್ ಮತ್ತು ಡಾಕ್ಟರ್ ಸ್ಟ್ರೇಂಜ್ ಬಗ್ಗೆ ಇಂಥ ನೋಟಿಸ್ ಹೋಯಿತು. ಮಾರ್ವೆಲ್ ಕೂಡಲೇ ನ್ಯಾಯಾಲಯಕ್ಕೆ ಹೋಯಿತು. 2023ರ ಡಿಸೆಂಬರ್‌ನಲ್ಲಿ ಇಬ್ಬರೂ ರಾಜಿಯಾದರು. ಮೂಲ ಒಡೆಯನಿಗೆ ಹಕ್ಕು ಮರಳಲಿ ಎಂದು ಹಂಬಲಿಸುವ ಅಭಿಮಾನಿಗಳು ಆಗ ಎಲ್ಲಿದ್ದರು? ಬಹುಪಾಲು ಮಂದಿ ಅವೆಂಜರ್ಸ್ ಚಿತ್ರಗಳಿಗೆ ತೊಂದರೆಯಾಗುತ್ತದೆಯೇ ಎಂದು ಗಾಬರಿಗೊಂಡಿದ್ದರು.

ಕರಾರು_ಓದುಗ:
ಶಾಯಿಯವರೇ, ಭಾವನೆಯನ್ನು ಗೌರವಿಸುತ್ತೇನೆ, ಆದರೆ ಕಾನೂನು ಅಷ್ಟು ಸರಳವಾಗಿಲ್ಲ. ಸಂಸ್ಥೆಯೊಂದರ ಸೂಚನೆಯ ಮೇರೆಗೆ, ಅದರ ಖರ್ಚಿನಲ್ಲಿ ಮಾಡಿಕೊಟ್ಟ ಕೃತಿಗೆ ಆ ಸಂಸ್ಥೆಯೇ ಕರ್ತೃ ಎಂದು ಪರಿಗಣಿಸುವ ನಿಯಮವಿದೆ, ಅಂಥ ಕೃತಿಯನ್ನು ಹಿಂದಕ್ಕೆ ಕೇಳುವಂತಿಲ್ಲ. ಮಾರ್ವೆಲ್‌ಗೆ ಅನೇಕ ಪಾತ್ರಗಳನ್ನು ಬರೆದುಕೊಟ್ಟ ಚಿತ್ರಕಾರ ಜಾಕ್ ಕರ್ಬಿಯವರ ಮಕ್ಕಳು 2009ರಲ್ಲಿ ಇದೇ ದಾರಿ ಹಿಡಿದಾಗ 2011ರಲ್ಲಿ ಕೆಳಗಿನ ನ್ಯಾಯಾಲಯವೂ 2013ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಮಾರ್ವೆಲ್ ಪರವಾಗಿಯೇ ತೀರ್ಪು ಕೊಟ್ಟವು.

ಶಾಯಿ_ಮತ್ತು_ಗೆರೆ:
ಅರ್ಧಕ್ಕೆ ನಿಲ್ಲಿಸಿದಿರಿ. ಕರ್ಬಿ ಕುಟುಂಬ ಸುಪ್ರೀಂ ಕೋರ್ಟಿನ ಕದ ತಟ್ಟಿತು, ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳಬೇಕೇ ಎಂದು ನ್ಯಾಯಮೂರ್ತಿಗಳು ಕೂಡುವುದಕ್ಕೆ ಕೆಲವೇ ದಿನ ಇರುವಾಗ, 2014ರ ಸೆಪ್ಟೆಂಬರ್‌ನಲ್ಲಿ, ಮಾರ್ವೆಲ್ ರಾಜಿ ಮಾಡಿಕೊಂಡಿತು. ಎರಡು ಕಡೆ ಗೆದ್ದವರು ಮೂರನೆಯ ಮೆಟ್ಟಿಲಿನಲ್ಲಿ ಏಕೆ ರಾಜಿಯಾದರು ಎಂಬುದನ್ನು ಓದುಗರೇ ಊಹಿಸಲಿ. ಕಾನೂನು ಒಂದು ಕಡೆ ಇರಲಿ. ಸೂಪರ್‌ಮ್ಯಾನನ್ನು ಸೃಷ್ಟಿಸಿದ ಸೀಗಲ್ ಮತ್ತು ಶೂಸ್ಟರ್ 1938ರಲ್ಲಿ ಅವನನ್ನು ಮಾರಿದ್ದು 130 ಡಾಲರ್‌ಗೆ. ಮಾರ್ವೆಲ್ಲೋ ಸೋನಿಯೋ ಎಂಬ ಜಗಳ ನನಗೆ ಎರಡು ಗೋದಾಮುಗಳ ನಡುವಿನ ಜಗಳ, ಅಷ್ಟೇ.

ಕಾದಂಬರಿ_ಕೊಟ್ಟವನು:
ಈ ಮಾತು ನನ್ನನ್ನು ತಟ್ಟಿದ್ದರಿಂದ ಬರೆಯುತ್ತಿದ್ದೇನೆ. ನನ್ನ ಒಂದು ಸಣ್ಣ ಕಾದಂಬರಿಯ ಚಿತ್ರದ ಹಕ್ಕನ್ನು ಹಿಂದೆ ಒಬ್ಬ ನಿರ್ಮಾಪಕರಿಗೆ ಕೊಟ್ಟಿದ್ದೆ. ಮುಂಗಡ ಬಂತು, ಮುಹೂರ್ತವೂ ಆಯಿತು, ಚಿತ್ರ ಮಾತ್ರ ಆಗಲಿಲ್ಲ. ಬೇರೆಯವರು ಬಂದು ಕೇಳಿದಾಗ ಕರಾರು ತೆಗೆದು ನೋಡಿದರೆ ಅದರಲ್ಲಿ ಅವಧಿಯೇ ನಮೂದಾಗಿರಲಿಲ್ಲ. ಆಗ ವಕೀಲರೊಬ್ಬರು ತಿಳಿಸಿದ ವಿಷಯ ಇಲ್ಲಿಯ ಬರಹಗಾರರಿಗೂ ಉಪಯೋಗವಾಗಬಹುದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಹಕ್ಕು ವರ್ಗಾಯಿಸಿದ ಕರಾರಿನಲ್ಲಿ ಅವಧಿ ಹೇಳದಿದ್ದರೆ ಅದು ಐದು ವರ್ಷ ಎಂದು ಭಾವಿಸಲಾಗುತ್ತದೆ. ಅಷ್ಟೇ ಅಲ್ಲ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಪಡೆದವನು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದೇ ಹೋದಾಗ ವರ್ಗಾವಣೆ ತಾನಾಗಿ ರದ್ದಾಗುತ್ತದೆ. ಸೋನಿಯ 5 ವರ್ಷ 9 ತಿಂಗಳ ಷರತ್ತನ್ನು ಓದಿ ನಗುವವರು ತಮ್ಮ ಕರಾರಿನಲ್ಲಿ ಅಂಥದ್ದೊಂದು ಷರತ್ತು ಇದೆಯೇ ಎಂದು ಒಮ್ಮೆ ನೋಡಿಕೊಳ್ಳಲಿ. ಗಡುವಿನ ಷರತ್ತು ಬರೆಸಿಕೊಂಡಿದ್ದರಿಂದಲೇ ಮಾರ್ವೆಲ್‌ಗೆ ಡೇರ್‌ಡೆವಿಲ್ ಸಿಕ್ಕಿತು.

ಹೇಮಾವತಿ_ದಂಡೆ:
ಬಹಳ ಉಪಯುಕ್ತ ಮಾಹಿತಿ, ಸಾರ್. ಕಾದಂಬರಿ ಈಗ ನಿಮ್ಮ ಬಳಿಯೇ ಇದೆಯೇ?

ಕಾದಂಬರಿ_ಕೊಟ್ಟವನು:
ನನ್ನ ಬಳಿಯೇ ಇದೆ. ಕೇಳಲು ಬಂದಿದ್ದವರು ಅಷ್ಟರಲ್ಲಿ ಬೇರೆ ಕಥೆ ಆರಿಸಿಕೊಂಡರು.

ಕೃಷ್ಣೆಯ_ಕಡೆ:
ಹಕ್ಕು ಮರಳಿದ ಮಾತ್ರಕ್ಕೆ ಚಿತ್ರ ಆಗುವುದಿಲ್ಲ ಎಂಬುದಕ್ಕೆ ಹಾಲಿವುಡ್‌ನಲ್ಲಿಯೂ ಸಾಕ್ಷಿ ಬೇಕಷ್ಟಿದೆ. ನ್ಯೂ ಲೈನ್ ಬಳಿ ಇದ್ದಾಗ ‘ಬ್ಲೇಡ್’ ಮೂರು ಚಿತ್ರಗಳನ್ನು ಕಂಡಿತು, 1998, 2002, 2004. ಮಾರ್ವೆಲ್‌ಗೆ ಮರಳಿತು. ಮಹರ್ಶಾಲಾ ಅಲಿ ನಾಯಕರೆಂದು 2019ರಲ್ಲಿ ವೇದಿಕೆಯ ಮೇಲೆ ಘೋಷಿಸಿದರು. ಆಮೇಲೆ ಒಬ್ಬ ನಿರ್ದೇಶಕರು 2022ರಲ್ಲಿ ಹೊರನಡೆದರು, ಇನ್ನೊಬ್ಬರು 2024ರಲ್ಲಿ ಹೊರನಡೆದರು, ಕೊನೆಗೆ ಬಿಡುಗಡೆಯ ಪಟ್ಟಿಯಿಂದಲೇ ಚಿತ್ರವನ್ನು ತೆಗೆದುಹಾಕಿದರು. ಗಡುವಿನ ಭಯವಿಲ್ಲದ ಮಾಲೀಕನಿಗೆ ಅವಸರವೂ ಇರುವುದಿಲ್ಲ.

ಬೆಳಗಾವಿ_ಬಾಲ್ಕನಿ:
ಬ್ಲೇಡ್ ವಿಷಯದಲ್ಲಿ ನನ್ನ ಬಳಿ ಉತ್ತರವಿಲ್ಲದ ಕಾರಣ ಹಲ್ಕ್ ಕಡೆಗೆ ಹೊರಳುತ್ತೇನೆ. 2008ರ ನಂತರ ಹಲ್ಕ್‌ಗೆ ತನ್ನದೇ ಚಿತ್ರ ಸಿಗದಿರುವುದಕ್ಕೆ ವಿತರಣೆಯ ಹಕ್ಕು ಯೂನಿವರ್ಸಲ್ ಬಳಿ ಉಳಿದದ್ದು ಮುಖ್ಯ ಕಾರಣವೆಂದು ಎಲ್ಲೆಡೆ ಹೇಳಲಾಗುತ್ತದೆ. ಅವನು ಬೇರೆಯವರ ಚಿತ್ರಗಳಲ್ಲಿ ನೆಂಟನಂತೆ ಬಂದು ಹೋಗುತ್ತಿದ್ದಾನೆ. ಹಕ್ಕು ಹರಿದು ಹಂಚಿಹೋದಾಗ ಪಾತ್ರಕ್ಕೆ ಆಗುವ ನಷ್ಟವೂ ನಿಜವಾದದ್ದೇ ಎಂಬುದನ್ನು ನೀವು ಒಪ್ಪಬೇಕು.

ಕೃಷ್ಣೆಯ_ಕಡೆ:
ಹಲ್ಕ್ ವಿಷಯದಲ್ಲಿ ಒಪ್ಪುತ್ತೇನೆ. ಅಲ್ಲಿ ಚಿತ್ರ ಮಾಡುವವನು ಒಬ್ಬ, ಹಂಚುವವನು ಇನ್ನೊಬ್ಬ, ಆದ್ದರಿಂದ ಇಬ್ಬರಿಗೂ ಉತ್ಸಾಹವಿಲ್ಲ. ಸ್ಪೈಡರ್‌ಮ್ಯಾನ್ ವಿಷಯದಲ್ಲಿ ಇಬ್ಬರಿಗೂ ಉತ್ಸಾಹ ಅತಿಯಾಗಿದೆ.

ಮೊದಲ_ಆಟ:
ಮಾರ್ವೆಲ್ಲೂ ಬೇಡ, ಸೋನಿಯೂ ಬೇಡ, ನಮ್ಮ ಕೈಗೇ ಸಿಗುವುದು ಯಾವಾಗ ಎಂದು ಯಾರಾದರೂ ಹೇಳಿ.

ಕರಾರು_ಓದುಗ:
ಮೊದಲು ಪ್ರಕಟವಾಗಿ 95 ವರ್ಷಗಳು ತುಂಬಿದ ಬಳಿಕ. 1928ರ ಮಿಕ್ಕಿ ಮೌಸ್ ಚಿತ್ರ 2024ರ ಜನವರಿ 1ಕ್ಕೆ ಸಾರ್ವಜನಿಕರದ್ದಾಯಿತು, ಸೂಪರ್‌ಮ್ಯಾನ್‌ನ ಮೊದಲ ಕಥೆ 2034ಕ್ಕೆ, 1962ರ ಸ್ಪೈಡರ್‌ಮ್ಯಾನ್ ಕಥೆ 2058ರ ಜನವರಿ 1ಕ್ಕೆ. ಅದೂ ಅಮೆರಿಕದಲ್ಲಿ, ಆ ಮೊದಲ ಸಂಚಿಕೆಯಲ್ಲಿ ಇದ್ದಷ್ಟು ಮಾತ್ರ. ಹೆಸರು ಮತ್ತು ಲಾಂಛನದ ಟ್ರೇಡ್‌ಮಾರ್ಕ್ ಬೇರೆಯೇ ಉಳಿಯುತ್ತದೆ.

ಜೇಡನ_ನೂಲು:
ಎಲ್ಲವನ್ನೂ ಓದಿದೆ. ಇನ್ನೊಂದು ಸಂಶಯ ಉಳಿದಿದೆ. 2025ರ ಜನವರಿಯಲ್ಲಿ ಡಿಸ್ನಿ ಪ್ಲಸ್‌ನಲ್ಲಿ ಸ್ಪೈಡರ್‌ಮ್ಯಾನ್‌ನ ಅನಿಮೇಷನ್ ಸರಣಿಯೊಂದು ಬಂತು, ಅದು ಮಾರ್ವೆಲ್‌ನವರದೇ ತಯಾರಿಕೆ. ಹಕ್ಕು ಸೋನಿಯದಾಗಿದ್ದರೆ ಅದು ಹೇಗೆ ಸಾಧ್ಯವಾಯಿತು?

ಕರಾರು_ಓದುಗ:
ಸೋರಿಕೆಯಾದ ಅದೇ ಕರಾರಿನಲ್ಲಿ ಉತ್ತರವಿದೆ. ನಟರಿರುವ ಸರಣಿಗಳು ಸೋನಿಯ ಪಾಲು. ಅನಿಮೇಷನ್ ಸರಣಿಯ ಕಂತು 44 ನಿಮಿಷ ಮೀರಿದರೆ ಅದೂ ಸೋನಿಯ ಪಾಲು, ಅದಕ್ಕಿಂತ ಚಿಕ್ಕದಾದರೆ ಮಾರ್ವೆಲ್‌ನ ಪಾಲು.

ಮೊದಲ_ಆಟ:
45ನೇ ನಿಮಿಷಕ್ಕೆ ಒಡೆಯನೇ ಬದಲಾಗುತ್ತಾನೆಯೇ? ಇದನ್ನು ಬರೆದ ವಕೀಲರ ಶುಲ್ಕ ಎಷ್ಟಿತ್ತು ಎಂಬುದೂ ಆ ಸೋರಿಕೆಯಲ್ಲಿ ಇದೆಯೇ?